ಗಡಿ ಊರಿನ ಟೀಚರಮ್ಮ, ಹೆಂಡತಿ ಇಲ್ಲದ ಗೌಡ: ಇಂಥ ಪ್ರೇಮಕಥೆ ಬರೆಯೋದು ಹೇಗೆ

ಒಬ್ಬಳು ಟೀಚರು, ಹೆಂಡತಿ ತೀರಿಕೊಂಡ ಒಬ್ಬ ಅಪ್ಪ, ನಡುವೆ ಒಂದು ಮಗು. ಇಂಗ್ಲಿಷಿನಲ್ಲಿ ಇಂಥ ಕಥೆಗಳು ರಾಶಿ ರಾಶಿ ಇವೆ. ಅಮೆರಿಕದ ಪಶ್ಚಿಮದ ಬಯಲು, ಒಂದೇ ಕೋಣೆಯ ಮರದ ಶಾಲೆ, ಕುದುರೆ ಮೇಲೆ ಬರುವ ರೈತ. ನಾನು ಅವನ್ನು ಇಷ್ಟಪಟ್ಟೇ ಓದುತ್ತೇನೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾವು ಕೆಲವು ಹೆಂಗಸರು ಭಾನುವಾರ ಮಧ್ಯಾಹ್ನ ಸೇರಿ ಬರೆದದ್ದನ್ನು ಓದಿಕೊಳ್ಳುತ್ತೇವೆ. ಹೊಸಬರು ಬಂದರೆ ಮೊದಲು ತರುವುದು ಹೆಚ್ಚಾಗಿ ಇದೇ ಕಥೆ. ಕುದುರೆ ತೆಗೆದು ಎತ್ತಿನಗಾಡಿ ಹಾಕಿರುತ್ತಾರೆ. ಅಷ್ಟಕ್ಕೆ ಕಥೆ ನಮ್ಮದಾಗಲ್ಲ.

ಯಾಕಾಗಲ್ಲ ಅಂದರೆ, ಆ ಕಥೆಯನ್ನು ಹೊತ್ತು ನಿಲ್ಲಿಸಿರುವುದು ಅಲ್ಲಿನ ಕಾನೂನು, ಅಲ್ಲಿನ ರೂಢಿ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವನಿಗೆ 160 ಎಕರೆವರೆಗೆ ಜಮೀನು ಸಿಗುತ್ತಿತ್ತು. ಅದಕ್ಕೇ ಅಲ್ಲಿನ ಗಂಡಸು ಬಯಲಿನ ನಡುವೆ ಒಂಟಿ ಮನೆ ಕಟ್ಟಿಕೊಂಡು ಮಕ್ಕಳ ಜೊತೆ ಒದ್ದಾಡುತ್ತಿರುತ್ತಾನೆ. ಜೊತೆಗೆ ಅಲ್ಲಿ ಟೀಚರನ್ನು ಮಕ್ಕಳ ಮನೆಗಳಲ್ಲೇ ಸರದಿ ಪ್ರಕಾರ ಇರಿಸಿಕೊಳ್ಳುವ ಪದ್ಧತಿ ಇತ್ತು. ಇಬ್ಬರೂ ಒಂದೇ ಸೂರಿನಡಿ ಬರಲು ಕಥೆಗಾರ ಏನೂ ಕಷ್ಟಪಡಬೇಕಿಲ್ಲ.

ನಮ್ಮ ಹಳ್ಳಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಹೆಂಡತಿ ಇಲ್ಲದವನ ಮನೆಯಲ್ಲಿ ಹೊರಗಿನ ಹೆಣ್ಣುಮಗಳು ಒಂದು ರಾತ್ರಿ ತಂಗಿದರೆ ಬೆಳಗಾಗುವುದರೊಳಗೆ ಪಕ್ಕದ ಊರಿಗೂ ಸುದ್ದಿ. ಹಾಗಾಗಿ ಬರೆಯಲು ಕೂತ ಕೂಡಲೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ನಿಮ್ಮ ಟೀಚರು ರಾತ್ರಿ ಎಲ್ಲಿ ಮಲಗುತ್ತಾಳೆ? ನಾನು ಹೇಳುವುದು, ಜೊತೆಗೊಬ್ಬ ಸೋದರತ್ತೆಯನ್ನು ಕಳಿಸಿ. ವಯಸ್ಸಾದವರು, ಕಿವಿ ಚುರುಕು, ಬಾಯಿ ಇನ್ನೂ ಚುರುಕು. ಶಾನುಭೋಗರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಕೊಡಿಸಿ. ಈ ಅತ್ತೆ ಸುಮ್ನೆ ಕಾವಲಿಗೆ ಅಲ್ಲ. ಅವರಿಬ್ಬರು ಆಡಲಾಗದ ಮಾತನ್ನು ಆಡುವವಳು ಇವಳೇ. "ಆ ಗೌಡ ದಿನಾ ಬಾವಿಕಟ್ಟೆ ಸುತ್ತಿಕೊಂಡು ಹೊಲಕ್ಕೆ ಹೋಗ್ತಾನಲ್ಲ, ಅವನ ಹೊಲ ಇರೋದು ಆ ಕಡೆ ಅಲ್ವಾ?" ಅಂತ ಅವಳು ಕೇಳಿದರೆ ಒಂದು ಅಧ್ಯಾಯದ ಕೆಲಸ ಮುಗಿಯಿತು.

ಇನ್ನು ಗಡಿ. ಅದಕ್ಕಾಗಿ ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಕಥೆಗೆ ನಾನು ಆರಿಸುವ ಇಸವಿ 1921. ಆಗ ನಮ್ಮ ಜಿಲ್ಲೆಯೇ ಮೈಸೂರು ಸಂಸ್ಥಾನದ ಅಂಚು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರಿನ ಕಡೆ, ಅದು ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಉತ್ತರಕ್ಕೆ ಹರಪನಹಳ್ಳಿ, ಕೂಡ್ಲಿಗಿ, ಅವು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮೂರು ಸರ್ಕಾರಗಳು ಹತ್ತಿರ ಹತ್ತಿರ. ಈ ಕಡೆ ತಾಲ್ಲೂಕಿಗೆ ಅಮಲ್ದಾರರು, ಹೊಳೆ ಆಚೆ ಮಾಮಲೇದಾರರು, ಬಳ್ಳಾರಿ ಕಡೆ ತಹಶೀಲ್ದಾರರು. ಆದರೆ ಜನ ಒಂದೇ. ಈ ಊರಿನ ಮಗಳು ಆ ಊರಿನ ಸೊಸೆ. ಕಥೆಯ ಗೌಡನ ತೀರಿಕೊಂಡ ಹೆಂಡತಿಯ ತವರು ಗಡಿಯಾಚೆ ಇದೆ ಅನ್ನಿ, ಅಜ್ಜ ಅಜ್ಜಿ ಮೊಮ್ಮಗಳನ್ನು ತಮ್ಮಲ್ಲಿಗೆ ಕರೆದೊಯ್ಯುತ್ತೇವೆ ಎನ್ನುತ್ತಾರೆ. ಆಗ ಗಡಿಗೆ ಕಥೆಯಲ್ಲಿ ಕೆಲಸ ಬರುತ್ತದೆ. ಇಲ್ಲದಿದ್ದರೆ ಅದು ಬರೀ ನಕ್ಷೆಯ ಗೆರೆ.

ನನ್ನ ಆಯ್ಕೆ ಜಗಳೂರು ಕಡೆಯ ಒಂದು ದೊಡ್ಡ ಹಳ್ಳಿ. ಒಣ ಸೀಮೆ, ಜಾಲಿ ಗಿಡ, ಜೋಳ, ನವಣೆ, ಹತ್ತಿ. ಮೊಳಕಾಲ್ಮೂರು ಕಡೆ ಬರೆಯುವುದಾದರೆ ರೇಷ್ಮೆ ಸೀರೆಯ ಮಗ್ಗ, ಚಳ್ಳಕೆರೆ ಕಡೆಯಾದರೆ ಕುರಿ, ಕಂಬಳಿ ಬರಲೇಬೇಕು. ಒಂದೇ ಊರಿಗೆ ಇವೆಲ್ಲವನ್ನೂ ತುರುಕಬೇಡಿ.

ಇಸವಿ ಯಾಕೆ 1921? 1918ರ ಇನ್‌ಫ್ಲುಯೆಂಜಾ. ಊರೂರಿನಲ್ಲಿ ಜನ ಸತ್ತ ವರ್ಷ ಅದು, ಗಟ್ಟಿಮುಟ್ಟಾದ ಹರೆಯದವರೇ ಜಾಸ್ತಿ ಹೋದರು. ಗೌಡನ ಹೆಂಡತಿಯ ಸಾವಿಗೆ ನೀವು ಬೇರೆ ಕಾರಣ ಹುಡುಕಬೇಕಿಲ್ಲ. ಮೂರು ವರ್ಷ ಕಳೆದಿದೆ. ಮಗುವಿಗೆ ಈಗ ಎಂಟು. ತಾಯಿಯ ಮುಖ ಅರ್ಧ ನೆನಪಿದೆ, ಅರ್ಧ ಮರೆತಿದೆ. ಅಪ್ಪನಿಗೆ ನೋವು ಹಳೆಯದಾಗಿದೆ, ಆದರೆ ಹೋಗಿಲ್ಲ. ಇದಕ್ಕಿಂತ ಬೇಗ ಪ್ರೇಮ ಶುರುಮಾಡಿದರೆ ಓದುಗರು ಗೌಡನನ್ನು ಕ್ಷಮಿಸಲ್ಲ.

ಮಗು ಹೆಣ್ಣಾಗಿರಲಿ. ಇದು ಸೆಂಟಿಮೆಂಟಿಗೆ ಹೇಳುತ್ತಿಲ್ಲ. ಆ ಕಾಲದಲ್ಲಿ ಹಳ್ಳಿಯ ಗಂಡುಮಕ್ಕಳ ಶಾಲೆಗೆ ಮೇಷ್ಟ್ರೇ ಇರುತ್ತಿದ್ದರು. ಹೆಂಗಸನ್ನು ನೇಮಿಸುವುದು ಸಾಮಾನ್ಯವಾಗಿ ಹೆಣ್ಣುಮಕ್ಕಳ ಶಾಲೆಗೆ. 1913ರಲ್ಲೇ ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತ್ತು. ಆದರೆ ಕಾನೂನು ಬಂದ ಮಾತ್ರಕ್ಕೆ ಹಳ್ಳಿಯವರು ಹೆಣ್ಣುಮಕ್ಕಳನ್ನು ಕಳಿಸಿಬಿಡುತ್ತಾರಾ? ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆ ಖಾಲಿ. ತಂಗಿ-ತಮ್ಮಂದಿರನ್ನು ಎತ್ತಿಕೊಳ್ಳಬೇಕು, ಎಮ್ಮೆ ಕಾಯಬೇಕು. ಟೀಚರಮ್ಮನ ನಿಜವಾದ ಎದುರಾಳಿ ಈ ಕೆಲಸಗಳು. ಖಳನಾಯಕನಾಗಿ ಸಾಹುಕಾರನನ್ನು ತರುವ ಅಗತ್ಯವೇ ಇಲ್ಲ.

ಈಗ ಕಷ್ಟದ ಜಾಗ. ಇಪ್ಪತ್ತೈದರ ಹೆಣ್ಣುಮಗಳು 1921ರಲ್ಲಿ ಮದುವೆ ಇಲ್ಲದೆ ಯಾಕಿದ್ದಾಳೆ? ಇಂಗ್ಲಿಷ್ ಕಥೆಯಲ್ಲಿ "ಸರಿಯಾದವನು ಸಿಗಲಿಲ್ಲ" ಅಂದರೆ ನಡೆಯುತ್ತದೆ. ಇಲ್ಲಿ ನಡೆಯಲ್ಲ. 1894ರ ಮೈಸೂರಿನ ಬಾಲ್ಯವಿವಾಹ ತಡೆ ಕಾಯ್ದೆ ನಿಲ್ಲಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು, ಮತ್ತೆ ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು. ಅಷ್ಟೇ. ಮೂವತ್ತೆರಡರ ಗೌಡನಿಗೆ ನೆಂಟರು ಹದಿಮೂರರ ಹುಡುಗಿಯನ್ನು ತೋರಿಸಿದರೆ ಅದು ಕಾನೂನಿಗೆ ವಿರುದ್ಧವಲ್ಲ. ತೋರಿಸುತ್ತಲೂ ಇದ್ದರು. ನಿಮ್ಮ ಕಥೆಯಲ್ಲೂ ತೋರಿಸಲಿ. ಅವನು ಆ ಹುಡುಗಿಯನ್ನು ನೋಡಿ, ತನ್ನ ಮಗಳಿಗಿಂತ ಐದೇ ವರ್ಷ ದೊಡ್ಡವಳು ಅಂತ ಲೆಕ್ಕ ಹಾಕಿ, ಊಟ ಮಾಡದೆ ಎದ್ದು ಬರಲಿ. ಅವನ ಒಳ್ಳೆಯತನದ ಬಗ್ಗೆ ಮತ್ತೆ ಒಂದು ಸಾಲೂ ಬರೆಯಬೇಕಿಲ್ಲ.

ಟೀಚರಮ್ಮ ಬಾಲವಿಧವೆ. ಇದು ನನ್ನ ಸಲಹೆ. ಗಂಡನ ಮುಖವೂ ಸರಿಯಾಗಿ ನೆನಪಿಲ್ಲ. ಅಪ್ಪ ಧೈರ್ಯ ಮಾಡಿ ಮೈಸೂರಿಗೆ ಓದಲು ಕಳಿಸಿದ. ಓದಿ ಕೆಲಸಕ್ಕೆ ಸೇರಿದ ಹೆಂಗಸರಲ್ಲಿ ಇಂಥವರು ಇದ್ದೇ ಇದ್ದರು. ಹೀಗೆ ಮಾಡಿದರೆ ಕಥೆ ಸಮವಾಗುತ್ತದೆ: ಇಬ್ಬರೂ ಕಳಕೊಂಡವರು, ಆದರೆ ಊರು ಅವನಿಗೆ ಹೆಣ್ಣು ಹುಡುಕುತ್ತದೆ, ಅವಳನ್ನು ಕಂಡರೆ ಶುಭಕಾರ್ಯಕ್ಕೆ ಹೊರಟವರು ದಾರಿ ಬದಲಿಸುತ್ತಾರೆ. ಈ ಅನ್ಯಾಯವನ್ನು ಭಾಷಣ ಮಾಡದೆ ತೋರಿಸಿ.

ಜಾತಿಯ ವಿಷಯ ಬಿಟ್ಟುಬಿಡಬೇಡಿ. ಸಿಹಿ ಕಥೆ ಅಂತ ಆ ಕಾಲದ ಹಳ್ಳಿಯಲ್ಲಿ ಜಾತಿಯೇ ಇರಲಿಲ್ಲ ಅನ್ನುವ ಹಾಗೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಬ್ಬರೂ ಬೇರೆ ಜಾತಿಯವರಾದರೆ ಕಥೆಯ ಭಾರವೆಲ್ಲ ಅಲ್ಲಿಗೇ ಹೋಗುತ್ತದೆ. ಅದು ಒಳ್ಳೆಯ ಕಥೆಯೇ, ಆದರೆ ಬೇರೆ ಕಥೆ. ಒಂದೇ ಸಮುದಾಯದವರನ್ನಾಗಿ ಮಾಡಿದರೂ ಶಾಲೆಯ ಜಗುಲಿಯಲ್ಲಿ ಯಾವ ಮಗು ಎಲ್ಲಿ ಕೂತಿದೆ, ಯಾವ ಮಗು ಇನ್ನೂ ಒಳಗೇ ಬಂದಿಲ್ಲ, ಇವನ್ನು ಬರೆಯಿರಿ. ಟೀಚರಮ್ಮ ಆ ಬಗ್ಗೆ ಏನು ಮಾಡುತ್ತಾಳೆ ಎಂಬುದನ್ನು ಗೌಡ ದೂರದಿಂದ ನೋಡಲಿ.

ಪ್ರೇಮ ಎಲ್ಲಿ ಹುಟ್ಟುತ್ತದೆ ಅಂದರೆ ಕೆಲಸದಲ್ಲಿ. ಶಾಲೆಯ ಮಾಳಿಗೆ ಸೋರುತ್ತಿದೆ, ಅವನು ಮಣ್ಣು ಹಾಕಿಸುತ್ತಾನೆ. ಅವಳು ಹಳೇ ಮೈಸೂರು ಕಡೆಯವಳು, ಮುದ್ದೆ ತಿರುವಿ ಗೊತ್ತು, ಜೋಳದ ರೊಟ್ಟಿ ಬಡಿಯಲು ಬರಲ್ಲ. ಎಂಟು ವರ್ಷದ ಹುಡುಗಿ ಅವಳಿಗೆ ರೊಟ್ಟಿ ಕಲಿಸುತ್ತಾಳೆ. ಹರಿದ ರೊಟ್ಟಿಯನ್ನು ಮಗಳು ಮನೆಗೆ ತಂದು "ಇದು ಅಮ್ಮೋರು ಬಡಿದದ್ದು" ಅಂದಾಗ ಗೌಡ ಗುರೆಳ್ಳು ಚಟ್ನಿ ಹಚ್ಚಿಕೊಂಡು ಒಂದು ಚೂರೂ ಬಿಡದೆ ತಿನ್ನುತ್ತಾನೆ. ಮಾತಿನಲ್ಲೂ ಹಾಗೇ. "ನಿಮ್ಮನ್ನು ಕಂಡರೆ ನನಗಿಷ್ಟ" ಅಂತ ಆ ಗೌಡ ಸತ್ತರೂ ಹೇಳಲ್ಲ. ಹೀಗೆ ಮಾತಾಡುತ್ತಾನೆ:

"ಅಮ್ಮೋರೆ, ಮಗಿ ಸ್ಲೇಟು ಒಡ್ಕಂಡೈತೆ. ನಾಳೆ ಸಂತೆ, ತರ್ತೀನಿ."

"ಸ್ಲೇಟು ನಿಧಾನಕ್ಕೆ ಬರಲಿ ಗೌಡ್ರೆ. ಮೊದಲು ಮಗೂನ ಕಳಿಸಿ."

"ಹತ್ತಿ ಬಿಡ್ಸೋದು ಇನ್ನೂ ನಾಕು ದಿನ ಐತೆ."

"ನಾಲ್ಕು ದಿನದಲ್ಲಿ ಒತ್ತಕ್ಷರ ಮುಗಿದುಹೋಗುತ್ತೆ."

"ಹಂಗಾರೆ ನಾಳಿಂದ್ಲೇ ಕಳುಸ್ತೀನಿ. ಹತ್ತಿ ನಾನು ನೋಡ್ಕಂತೀನಿ."

ಇಷ್ಟು ಸಾಕು. ಮರುದಿನ ಅವನೊಬ್ಬನೇ ಹತ್ತಿ ಹೊಲದಲ್ಲಿ ಬಗ್ಗಿರುವುದನ್ನು ಅವಳು ನೋಡಿದರೆ ಆಯಿತು.

ಕಥೆಯನ್ನು ಹಬ್ಬಗಳ ಮೇಲೆ ನಡೆಸಿ. ಜೂನಿನಲ್ಲಿ ಅವಳು ರೈಲಿನಲ್ಲಿ ದಾವಣಗೆರೆಗೆ ಬಂದಿಳಿದು ಗಾಡಿ ಹತ್ತಲಿ, ಊರಿಗೆ ಬರುವಾಗ ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದಿರಲಿ. ಪಂಚಮಿಯ ಜೋಕಾಲಿ, ಸೀಗೆ ಹುಣ್ಣಿಮೆಗೆ ಹೊಲಕ್ಕೆ ಎಡೆ ಚೆಲ್ಲುವ ಚರಗ, ಬೇಸಿಗೆ ಶುರುವಾಗುವ ಹೊತ್ತಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು. ಇವುಗಳಲ್ಲಿ ನಾನು ಯಾವತ್ತೂ ಬಿಡದಿರುವುದು ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬ. ತೀರಿಕೊಂಡ ಹೆಂಡತಿಗೆ ಎಡೆ ಇಡುವ ದಿನ. ಹೊಸ ಸೀರೆ ತಂದು ಎಡೆಯ ಪಕ್ಕ ಇಡುತ್ತಾರೆ. ಆ ಸೀರೆ ಆರಿಸಲು ಮಗಳು ಟೀಚರಮ್ಮನನ್ನು ಕರೆಯಲಿ. "ನಮ್ಮವ್ವಂಗೆ ಯಾವ ಬಣ್ಣ ಚೆನ್ನಾಗಿ ಕಾಣ್ತದೆ?" ಅಂತ ಕೇಳಲಿ, ಅವ್ವನನ್ನು ನೋಡೇ ಇಲ್ಲದವಳನ್ನು. ಈ ಕಥೆಯಲ್ಲಿ ಸತ್ತ ಹೆಂಡತಿ ಒಂದು ಪಾತ್ರ. ಅವಳನ್ನು ಕೆಟ್ಟವಳು ಮಾಡಿ ಹೊಸಬಳಿಗೆ ಜಾಗ ಮಾಡಿಕೊಡುವುದು ಸೋಮಾರಿ ದಾರಿ. ಮಗು ಟೀಚರಮ್ಮನನ್ನು ಅವ್ವ ಅಂತ ಕರೆಯುವುದಕ್ಕೂ ಅವಸರ ಬೇಡ. ಕೊನೆಯವರೆಗೂ ಕರೆಯದಿದ್ದರೂ ನಷ್ಟವಿಲ್ಲ.

ಕೊನೆಯ ತಿರುವಿಗೆ ಉಡಿಕೆಯನ್ನು ನೆನಪಿಡಿ. ನಮ್ಮ ಕಡೆಯ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಮತ್ತೆ ಸಂಬಂಧ ಮಾಡುವ ರೂಢಿ ಇತ್ತು. ಆದರೆ ಅದು ಮದುವೆಯ ಹಾಗೆ ಅಲ್ಲ. ವಾದ್ಯ, ಚಪ್ಪರ ಇಲ್ಲದೆ, ಹೆಚ್ಚಾಗಿ ರಾತ್ರಿ ಹೊತ್ತು, ಸೀರೆ ಉಡಿಸಿ ಮುಗಿಸುತ್ತಿದ್ದರು. ಮುತ್ತೈದೆಯರು ದೂರ ನಿಲ್ಲುತ್ತಿದ್ದರು. ಊರ ಹಿರಿಯರು ಇದಕ್ಕೆ ಒಪ್ಪುತ್ತಾರೆ ಅಂತಿಟ್ಟುಕೊಳ್ಳಿ. ಗೌಡ ಒಪ್ಪಲ್ಲ. "ಆಗೋದಾದ್ರೆ ಹಗಲೊತ್ನಾಗೆ ಆಗ್ಲಿ, ವಾಲಗ ಹೇಳ್ಸಿ ಆಗ್ಲಿ" ಅನ್ನುತ್ತಾನೆ. ಒಂದು ಅಪ್ಪುಗೆಯೂ ಇಲ್ಲದ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪ್ರೇಮದ ಮಾತು ನನಗೆ ಗೊತ್ತಿಲ್ಲ. ಸಿಹಿ ಪ್ರೇಮಕಥೆಯಲ್ಲಿ ಮುಟ್ಟುವುದು ಒಂದೇ ಸಲ, ಅದೂ ಲಾಟೀನು ಕೈ ಬದಲಿಸುವಾಗ ಬೆರಳು ತಾಗಿದ್ದು ಅಂದರೆ ಸಾಕು.

ಕಾಲದ ತಪ್ಪುಗಳ ಬಗ್ಗೆ ಎರಡು ಮಾತು. ಈಗ ದಾವಣಗೆರೆ ಸುತ್ತ ಕಾಣುವ ಭತ್ತದ ಗದ್ದೆ, ಅಡಿಕೆ ತೋಟದ ಹಸಿರು ಬಹುಪಾಲು ಭದ್ರಾ ನಾಲೆಯದು. ಅದು ಬಂದದ್ದು ಸ್ವಾತಂತ್ರ್ಯದ ಆಮೇಲೆ. ನಿಮ್ಮ ನಾಯಕಿ ರೈಲಿನ ಕಿಟಕಿಯಿಂದ ನೋಡುವುದು ಎರೆಹೊಲ. ಮಾರಿಕಣಿವೆ ಕಟ್ಟೆ, ಅಂದರೆ ವಾಣಿವಿಲಾಸ ಸಾಗರ, 1907ಕ್ಕೇ ಮುಗಿದಿತ್ತು, ಆದರೆ ಅದು ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಹಾಗಾಗಿ 1921ರ ಕಥೆಯಲ್ಲಿ ಕೋಡಿ ನೋಡಲು ಗಾಡಿ ಕಟ್ಟಬೇಡಿ. ಕಾಸಿನ ಲೆಕ್ಕ ರೂಪಾಯಿಗೆ 16 ಆಣೆ. ನಯಾಪೈಸೆ 1957ರಲ್ಲಿ ಬಂತು. ಅಳತೆ ಸೇರು, ಪಾವು, ಕಿಲೋ ಅಲ್ಲ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇನ್ನೊಂದು ನನ್ನ ಹಠ: ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಬೆಣ್ಣೆ ದೋಸೆ ತಿನ್ನಿಸಬೇಡಿ. ಮಂಡಕ್ಕಿ ಸಾಕು.

ಬರೆದು ಮುಗಿಸಿದ ಮೇಲೆ ಎಂಬತ್ತು ದಾಟಿದ ಅಜ್ಜಿ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಚೆನ್ನಾಗಿದೆ ಅಂದದ್ದನ್ನು ಬರೆದುಕೊಳ್ಳಬೇಡಿ, ಅಡ್ಡ ಬಾಯಿ ಹಾಕಿದ್ದನ್ನು ಬರೆದುಕೊಳ್ಳಿ. ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬಳು ಇಂಥದೇ ಕಥೆ ಓದುತ್ತಿದ್ದಳು. ಆ ಮನೆಯ ಅಜ್ಜಿ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೇಳಿದರು: "ಅಲ್ಲವ್ವಾ, ಹೆಂಡ್ತಿ ಸತ್ತು ಮೂರು ವರ್ಸ ಆತು ಅಂತೀಯ. ಅಲ್ಲಿಗಂಟ ಆ ಮನೇಲಿ ರೊಟ್ಟಿ ಬಡಿದೋರು ಯಾರು?" ಅವಳು ಮುಂದಿನ ವಾರ ಗೌಡನಿಗೆ ಒಬ್ಬ ಗಂಡ ಬಿಟ್ಟ ಅಕ್ಕನನ್ನು ತಂದಳು. ತಮ್ಮ ಮತ್ತೆ ಮದುವೆಯಾದರೆ ತನ್ನ ಜಾಗ ಎಲ್ಲಿ ಅಂತ ಹೆದರುವ ಅಕ್ಕ. ಈಗ ಆ ಕಥೆಯಲ್ಲಿ ಜನ ಕೇಳುವುದು ಅವಳ ಸುದ್ದಿಯನ್ನೇ.