ಡೊಳ್ಳಿನವರು ಇಲ್ಲದಿದ್ದರೆ ನಮ್ಮ ಸಂಗೀತ ಸಂಜೆ ಮುಳುಗುತ್ತಿತ್ತು

ನಾನು ಕೀಬೋರ್ಡ್ ನುಡಿಸುವವನು. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ಗಣಪತಿ ಪೆಂಡಾಲು, ಮದುವೆ ಆರತಕ್ಷತೆ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆ, ಎಲ್ಲಿ ಆರ್ಕೆಸ್ಟ್ರಾ ಇದ್ದರೂ ಹೋಗುತ್ತೇನೆ. ಹೀಗೆ ಬೇರೆಯವರು ಹಾಕಿದ ಸ್ಟೇಜಿನ ಮೇಲೆ ಹದಿನೈದು ವರ್ಷ ನುಡಿಸಿದ ಮೇಲೆ, ನಮ್ಮೂರಿನವರೇ ಸೇರಿ ಒಂದು ಸಂಜೆ ಮಾಡೋಣ, ಹೊರಗಿನ ಕಲಾವಿದರು ಬೇಡ, ಟಿಕೆಟ್ಟೂ ಬೇಡ ಅಂತ ತಲೆಗೆ ಬಂತು. ಇಲ್ಲಿಯವರೆಗೆ ಮೂರು ಸಲ ಮಾಡಿದ್ದೇವೆ. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲ ಸಲ ಇಟ್ಟಿದ್ದು ಜೂನ್ 21ಕ್ಕೆ, ವಿಶ್ವ ಸಂಗೀತ ದಿನ ಅಂತ. ಅದನ್ನು 1982ರಲ್ಲಿ ಶುರು ಮಾಡಿದ್ದು ಫ್ರಾನ್ಸಿನವರು. ಅವರಿಗೆ ಅದು ಬೇಸಿಗೆ, ವರ್ಷದ ಅತಿ ಉದ್ದದ ಹಗಲು, ಬೀದಿಯಲ್ಲಿ ನಿಂತು ನುಡಿಸಬಹುದು. ಮಲೆನಾಡಿನಲ್ಲಿ ಆ ಹೊತ್ತಿಗೆ ಕೊಡೆ ಹಿಡಿದು ಅಂಗಡಿಗೆ ಹೋಗಿ ಬರುವುದೇ ಸಾಹಸ. ಮಳೆ ಇರುತ್ತದೆ ಅಂತ ಗೊತ್ತಿದ್ದೇ ತಗಡಿನ ಚಾವಣಿಯ ಒಂದು ಸಭಾಭವನ ಹಿಡಿದಿದ್ದೆವು. ಆರೂವರೆಗೆ ಮಳೆ ಹಿಡಿಯಿತು ನೋಡಿ, ತಗಡಿನ ಸದ್ದಿಗೆ ಸ್ಟೇಜಿನ ಮೇಲಿದ್ದ ನಮಗೇ ನಮ್ಮ ಹಾಡು ಕೇಳಲಿಲ್ಲ. ಆಮೇಲೆ ಕರೆಂಟೂ ಹೋಯಿತು. ಒಟ್ಟು ನಲವತ್ತು ಜನ ಇದ್ದರು, ಅದರಲ್ಲಿ ಮೂವತ್ತು ಜನ ನುಡಿಸಲು ಬಂದವರು.

ಎರಡನೇ ವರ್ಷ ಫೆಬ್ರವರಿಗೆ ತಂದೆವು. ಅಡಿಕೆ ಸುಗ್ಗಿ ಮುಗಿಯುತ್ತಾ ಬಂದಿರುತ್ತದೆ, ಮಕ್ಕಳ ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಇರುತ್ತದೆ, ಬಯಲಿನಲ್ಲಿ ಕುರ್ಚಿ ಹಾಕಬಹುದು. ಐದು ತಂಡ: ಸುಗಮ ಸಂಗೀತದ ಹೆಂಗಸರು, ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡ್‌ಸೆಟ್, ತತ್ವಪದ ಹಾಡುವ ಇಬ್ಬರು ಹಿರಿಯರು, ನಮ್ಮ ಆರ್ಕೆಸ್ಟ್ರಾ, ಕೊನೆಗೆ ಕಾಲೇಜು ಹುಡುಗರ ರಾಕ್ ಬ್ಯಾಂಡ್. ಪ್ರತಿ ತಂಡವೂ ಸ್ವಂತದ್ದು ಅಂತ ಒಂದಾದರೂ ಹಾಡು ಹಾಡಬೇಕು, ನಾವು ಹಾಕಿದ್ದ ಷರತ್ತು ಅದೊಂದೇ. ಜನ ಬಂದರು, ಮುನ್ನೂರು ಕುರ್ಚಿ ತುಂಬಿತು. ಕೆಟ್ಟಿದ್ದು ಹಾಡಿನಲ್ಲಲ್ಲ, ಹಾಡುಗಳ ಮಧ್ಯೆ.

ಒಂದು ತಂಡ ಇಳಿದು ಇನ್ನೊಂದು ಹತ್ತಲು ಹತ್ತು ನಿಮಿಷ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಇಪ್ಪತ್ತೈದು ನಿಮಿಷ ಹಿಡಿಯಿತು, ಅದೂ ಪ್ರತಿ ಸಲ. ಮೈಕ್ ಸ್ಟ್ಯಾಂಡ್ ಎತ್ತಿಡಬೇಕು, ಕೇಬಲ್ ಹುಡುಕಬೇಕು, ತಬಲಾದವರಿಗೆ ಜಮಖಾನ ಹಾಸಬೇಕು, ಅಷ್ಟರಲ್ಲಿ ಗಿಟಾರ್ ಆಂಪ್ ಗುಂಯ್ ಅನ್ನುತ್ತದೆ. (ಆಂಪಿಗೆ ಒಂದು ಕಡೆಯಿಂದ, ಎಲ್ಲ ಮೈಕುಗಳ ಸದ್ದು ಸೇರಿಸುವ ಮಿಕ್ಸರ್‌ಗೆ ಇನ್ನೊಂದು ಕಡೆಯಿಂದ ಕರೆಂಟ್ ಕೊಟ್ಟಿದ್ದರು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದಾಗ ಗುಂಯ್ ನಿಂತಿತು, ಆದರೆ ಅದು ಹೊಳೆಯುವಷ್ಟರಲ್ಲಿ ಕಾಲು ಗಂಟೆ ಹೋಗಿತ್ತು.) ಈ ಕಡೆ ಹಲೋ ಹಲೋ, ಮೈಕ್ ಚೆಕ್, ಒನ್ ಟೂ ತ್ರೀ. ನಿರೂಪಣೆಗೆ ನಿಂತವರು ನಾಲ್ಕನೇ ಸಲ ದಾನಿಗಳ ಪಟ್ಟಿ ಓದಿದರು. ನಾನು ಸ್ಟೇಜಿನ ಮೇಲಿಂದ ನೋಡುತ್ತಿದ್ದೆ, ಕುರ್ಚಿ ಖಾಲಿಯಾಗುತ್ತಿತ್ತು, ಮಿರ್ಚಿ ಬಜ್ಜಿ ಗಾಡಿಯ ಮುಂದೆ ಜನ ಜಾಸ್ತಿಯಾಗುತ್ತಿದ್ದರು.

ಕಾಲೇಜು ಹುಡುಗರ ಸರದಿ ಬಂದಾಗ ಒಂಬತ್ತು ನಲವತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಡುವ ಹಾಗಿಲ್ಲ, 2000ದ ಶಬ್ದ ಮಾಲಿನ್ಯದ ನಿಯಮ, ಅನುಮತಿ ಪತ್ರದಲ್ಲೂ ಹಾಗೇ ಬರೆದಿರುತ್ತದೆ. ಡ್ರಮ್ಸ್ ಜೋಡಿಸಿ ಮುಗಿಸುವಷ್ಟರಲ್ಲಿ ಐದು ನಿಮಿಷ ಉಳಿದಿತ್ತು. ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ ಹುಡುಗರಿಗೆ ಒಂದೇ ಹಾಡು. ಅವರ ಗಿಟಾರ್ ಹುಡುಗ ಆಮೇಲೆ ಆರು ತಿಂಗಳು ನನ್ನ ಮುಖ ನೋಡಲಿಲ್ಲ. ಅವನ ಸಿಟ್ಟು ಸರಿಯೇ ಇತ್ತು ಬಿಡಿ.

ದಾರಿ ತೋರಿಸಿದ್ದು ಡೊಳ್ಳಿನವರು. ಎರಡೂ ವರ್ಷ ಅವರನ್ನು ಕರೆದಿದ್ದೆವು, ಆದರೆ ಎಲ್ಲರೂ ಮಾಡುವ ಹಾಗೆ ಉದ್ಘಾಟನೆಗೆ ಮಾತ್ರ. ಗಣ್ಯರನ್ನು ಗೇಟಿನಿಂದ ಸ್ಟೇಜಿನವರೆಗೆ ಕರೆತರುವುದು, ಆಮೇಲೆ ಕಾಫಿ ಕುಡಿದು ಹೊರಡುವುದು. ಮೂರನೇ ವರ್ಷದ ಮಾತುಕತೆಗೆ ಹೋದಾಗ ತಂಡದ ಹಿರಿಯರೊಬ್ಬರು, "ನಮಗೆ ಸ್ಟೇಜೂ ಬೇಡ, ಮೈಕೂ ಬೇಡ, ಜನರ ಮಧ್ಯೆ ಜಾಗ ಕೊಡಿ ಸಾಕು" ಅಂದರು. ಡೊಳ್ಳಿಗೆ ಮೈಕ್ ಬೇಡ ಅಲ್ವಾ! ಹದಿನೈದು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಕುರ್ಚಿಗಳ ನಡುವೆ ಇಪ್ಪತ್ತೈದು ಅಡಿ ಜಾಗ ಬಿಟ್ಟೆವು. ಒಂದು ತಂಡದ ಕೊನೆಯ ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಅಲ್ಲಿಂದ ಡೊಳ್ಳು ಏಳಬೇಕು. ಎಂಟೆಂಟು ನಿಮಿಷ, ಮೂರು ಸಲ. ಜನ ಕುರ್ಚಿ ತಿರುಗಿಸಿಕೊಂಡು ಕೂತರು, ಸ್ಟೇಜಿನ ಮೇಲೆ ನಾವು ಏನು ಎಳೆದಾಡುತ್ತಿದ್ದೇವೆ ಅಂತ ಯಾರೂ ನೋಡಲಿಲ್ಲ.

ಆದರೆ ಹನ್ನೆರಡು ಡೊಳ್ಳು ಬಾರಿಸುವಾಗ ಮೈಕ್ ಚೆಕ್ ಮಾಡುವುದು ಹೇಗೆ? ಕಿವಿಗೆ ಏನೂ ಕೇಳುವುದಿಲ್ಲ. ಇದಕ್ಕೆ ಉಪಾಯ ಮಿಕ್ಸರ್‌ನಲ್ಲೇ ಇದೆ. ಪ್ರತಿ ಚಾನೆಲ್‌ಗೂ ಪಿಎಫ್‌ಎಲ್ ಅಂತ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಕೆಳಗಿದ್ದರೂ ಆ ಮೈಕ್ ಹೆಡ್‌ಫೋನ್‌ಗೆ ಬರುತ್ತದೆ, ಹೊರಗಿನ ಬಾಕ್ಸಿಗೆ ಹೋಗುವುದಿಲ್ಲ. ಸೌಂಡಿನ ಹುಡುಗ ಹೆಡ್‌ಫೋನ್ ಹಾಕಿ ಕೂತ, ಹಾಡುವವರು ಬಾಯಿಗೆ ಒತ್ತಿಕೊಂಡು ಎರಡು ಸಾಲು ಹಾಡಿದರು, ಹಸಿರು ದೀಪ ಬಂದರೆ ಸರಿ, ಕೆಂಪು ಬಂದರೆ ಗೇನ್, ಅಂದರೆ ಮೈಕಿನಿಂದ ಒಳಬರುವ ಸದ್ದಿನ ಮಟ್ಟ, ಇಳಿಸು. ಅವನು ಬೆರಳೆತ್ತಿದರೆ ಮುಂದಿನ ಮೈಕ್. ಹಲೋ ಹಲೋ ಅನ್ನುವುದೇ ನಿಂತುಹೋಯಿತು.

ತಂಡಗಳ ಕ್ರಮವನ್ನೂ ಬದಲಿಸಿದೆವು. ಹೆಸರಿದ್ದವರು ಕೊನೆಗೆ ಅನ್ನುವ ಲೆಕ್ಕ ಬಿಟ್ಟು, ಸಾಮಾನಿನ ಲೆಕ್ಕ ಹಿಡಿದೆವು. ಒಂದೇ ಡ್ರಮ್ ಸೆಟ್ಟು ಮಧ್ಯಾಹ್ನವೇ ಹಿಂದೆ ಜೋಡಿಸಿ ಬಟ್ಟೆ ಮುಚ್ಚಿಟ್ಟೆವು, ಡ್ರಮ್ಮರ್‌ಗಳು ತಮ್ಮ ಸ್ನೇರ್, ಸಿಂಬಲ್ ಮಾತ್ರ ತರಬೇಕು. ಸಾಮಾನು ಕಡಿಮೆ ಇರುವವರು ಅದರ ಮುಂದೆ ಕೂತು ಮೊದಲು ಹಾಡಿ ಇಳಿಯಬೇಕು. ಯಾರಿಗೆ ಎಷ್ಟು ಮೈಕ್ ಅಂತ ತಿಂಗಳ ಮೊದಲೇ ವಾಟ್ಸಾಪ್‌ನಲ್ಲಿ ಕೇಳಿದ್ದೆ. ಒಂದು ತಂಡ "ಎಲ್ಲಾ ಇದೆ ಸಾರ್" ಅಂತ ಉತ್ತರಿಸಿ ಕೀಬೋರ್ಡ್ ಸ್ಟ್ಯಾಂಡ್ ಇಲ್ಲದೆ ಬಂತು. ಪಕ್ಕದ ಮನೆಯ ಇಸ್ತ್ರಿ ಟೇಬಲ್ ತಂದೆವು, ಹೊಂದಿತು.

ಒಂದು ಎಡವಟ್ಟು ಮಾತ್ರ ಬಿಡಲಿಲ್ಲ. ತತ್ವಪದದ ಹಿರಿಯರ ಜೊತೆ ಒಂದು ಹಾಡಿಗೆ ನಾನು, ಕೊಳಲಿನವರು, ಕಾಲೇಜಿನ ಗಿಟಾರ್ ಹುಡುಗ (ಹೌದು, ಅದೇ ಹುಡುಗ) ಸೇರಬೇಕಿತ್ತು. ಸಂಜೆ ನಾಲ್ಕಕ್ಕೆ ಕೂತು ನುಡಿಸಿದರೆ ಏನೋ ಹುಳಿ ಹುಳಿ. ಹಾರ್ಮೋನಿಯಂ ಆ ಹಿರಿಯರ ಅಪ್ಪನ ಕಾಲದ್ದು. ಫೋನಿನ ಟ್ಯೂನರ್ ಹಿಡಿದು ನೋಡಿದರೆ 20 ಸೆಂಟ್ ಮೇಲಿದೆ, ಅಂದರೆ ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರದಲ್ಲಿ ಐದನೇ ಒಂದು ಪಾಲು. ಹಾರ್ಮೋನಿಯಂ ಸ್ವರವನ್ನು ನಿಂತ ನಿಲುವಿನಲ್ಲಿ ಬದಲಿಸಲು ಆಗುವುದಿಲ್ಲ, ಹಿತ್ತಾಳೆ ರೀಡ್ ಕೆರೆಯಬೇಕು. ಹಾಗಾಗಿ ನಾವೇ ಬಗ್ಗಿದೆವು. ನನ್ನ ಕೀಬೋರ್ಡಿನ ಟ್ಯೂನಿಂಗ್ 440 ಹರ್ಟ್ಸ್‌ನಿಂದ 445ಕ್ಕೆ ಏರಿಸಿದೆ, ಹುಡುಗ ಅದಕ್ಕೆ ಗಿಟಾರ್ ತಂತಿ ಬಿಗಿ ಮಾಡಿಕೊಂಡ, ಕೊಳಲಿನವರು ತುಟಿಯ ಹತ್ತಿರ ಸ್ವಲ್ಪ ಹೊರಳಿಸಿ ಊದಿದರು. ಕೂಡಿತು. ಹಿರಿಯರು ತಲೆ ಎತ್ತಿ, "ಈಗ ಸರಿ ಬಂತಲ್ಲ, ಇಷ್ಟು ಹೊತ್ತು ನಿಮ್ಮದು ಇಳಿದಿತ್ತು" ಅಂದರು.

ದುಡ್ಡಿನ ವಿಷಯ. ಶಾಲು, ಹಾರ, ಸ್ಮರಣಿಕೆ ಎಲ್ಲ ತೆಗೆದೆವು. ಬ್ಯಾಂಡ್‌ಸೆಟ್‌ನವರು, ಡೊಳ್ಳಿನವರು ಇದರಿಂದಲೇ ಹೊಟ್ಟೆ ಹೊರೆಯುವವರು, ಫೆಬ್ರವರಿಯ ಒಂದು ಶನಿವಾರ ಬಿಟ್ಟು ಬರುತ್ತಾರೆ. ಅವರಿಗೆ ಮದುವೆ ಮನೆಯಲ್ಲಿ ಸಿಗುವಷ್ಟೇ ಕೊಟ್ಟೆವು, ಅದೂ ಸ್ಟೇಜ್ ಹತ್ತುವ ಮೊದಲೇ. ಕೆಲಸ, ಸಂಬಳ ಇದ್ದುಕೊಂಡು ಹವ್ಯಾಸಕ್ಕೆ ಹಾಡುವ ನಮ್ಮಂಥವರಿಗೆ ಊಟ ಮಾತ್ರ. ಒಂದಿಬ್ಬರು ಗೊಣಗಿದರು. ಶಾಲು ಹೊದೆಸಿದರೆ ಟೆಂಪೋಗೆ ಡೀಸೆಲ್ ಬೀಳುತ್ತಾ?

ಹುಡುಗರ ಬ್ಯಾಂಡ್ ಈ ಸಲ ಎಂಟೂ ಐವತ್ತಕ್ಕೆ ಹತ್ತಿತು. ಒಂಬತ್ತು ಹಾಡು, ಅದರಲ್ಲಿ ಎರಡು ಅವರದೇ, ಒಂದು ತಾಳಗುಪ್ಪದ ರೈಲಿನ ಮೇಲೆ. ಡ್ರಮ್ಸ್ ಶುರುವಾದ ಕೂಡಲೇ ಕೆಳಗೆ ಡೊಳ್ಳಿನ ಹುಡುಗರಿಬ್ಬರು ಸುಮ್ನೆ ಕೂರಲಾಗದೆ ಕೋಲು ಎತ್ತಿಕೊಂಡರು. ಸೌಂಡಿನ ಹುಡುಗ ಗಾಬರಿಯಾಗಿ ನನ್ನ ಕಡೆ ನೋಡಿದ. ಬಿಡು ಅಂತ ಕೈ ಮಾಡಿದೆ. ಹತ್ತಕ್ಕೆ ಆರು ನಿಮಿಷ ಇರುವಾಗ ಮೈಕ್ ಆಫ್ ಮಾಡಿದೆವು. ಕೇಬಲ್ ಸುತ್ತಿ ಎಣಿಸಿದರೆ ಮೂರು ಕಡಿಮೆ. ಎರಡು ಮರುದಿನ ಬ್ಯಾಂಡ್‌ಸೆಟ್ ಟೆಂಪೋದಲ್ಲಿ ಸಿಕ್ಕಿತು, ಮೂರನೆಯದು ಪಕ್ಕದ ಮನೆಯ ಇಸ್ತ್ರಿ ಟೇಬಲ್ಲಿನ ಕಾಲಿಗೆ ಸುತ್ತಿಕೊಂಡೇ ವಾಪಸ್ ಹೋಗಿತ್ತು.