ಎರಡು ಹಂತದ ರಾಕೆಟ್: ಮೇಲಿನ ಮೋಟಾರ್ ಯಾವಾಗ ಹೊತ್ತಬಾರದು?

ಕೆಳಹಂತ ಓರೆಯಾಗಿ ಹಾರಿದರೆ ಮೇಲಿನ ಮೋಟಾರ್ ಹೊತ್ತದೆ ಉಳಿಯುತ್ತದೆಯೇ? ಎರಡು ಹಂತದ ಹವ್ಯಾಸಿ ರಾಕೆಟ್ ಕಟ್ಟುವಾಗ ನನ್ನ ಎಲ್ಲ ನಿರ್ಧಾರಗಳೂ ಈ ಪ್ರಶ್ನೆಯಿಂದಲೇ ಶುರುವಾಗುತ್ತವೆ. ವಾಲಿದ ರಾಕೆಟ್‌ಗೆ ಮತ್ತೆ ನೂಕುಬಲ ಸಿಕ್ಕರೆ ಅದು ಅಡ್ಡಡ್ಡ ನುಗ್ಗುತ್ತದೆ, ಎಲ್ಲಿ ಬೀಳುತ್ತದೆಂದು ಹೇಳಲಾಗದು.

ಇಲ್ಲಿ ಹೇಳುತ್ತಿರುವುದು 3 ಇಂಚು ವ್ಯಾಸದ ಫೈಬರ್‌ಗ್ಲಾಸ್ ಕಿಟ್ ಬಗ್ಗೆ. ಕೆಳಗೆ 54 ಮಿ.ಮೀ. ಜೆ ಮೋಟಾರ್, ಮೇಲೆ 38 ಮಿ.ಮೀ. ಐ ಮೋಟಾರ್ (ಈ ಅಕ್ಷರಗಳು ಮೋಟಾರಿನ ಒಟ್ಟು ಶಕ್ತಿಯ ವರ್ಗ ಹೇಳುತ್ತವೆ). ಎರಡೂ ಸೇರಿ ಸುಮಾರು 1,700 ನ್ಯೂಟನ್-ಸೆಕೆಂಡ್ (ನೂಕುಬಲ × ಉರಿಯುವ ಸಮಯ), ಅಂದರೆ ಜೆಗಿಂತ ಮೇಲಿನ ಕೆ ವರ್ಗದ ಲೆಕ್ಕ. ಅಮೆರಿಕದಲ್ಲಿ ಇದಕ್ಕೆ ಎನ್‌ಎಆರ್ ಅಥವಾ ಟ್ರಿಪೋಲಿ ಎಂಬ ಹವ್ಯಾಸಿ ರಾಕೆಟ್ ಸಂಘದ ಲೆವೆಲ್ 2 ಪ್ರಮಾಣಪತ್ರ ಬೇಕು. ಮೊಹಾವಿ ಮರುಭೂಮಿಯ ಲೂಸರ್ನ್ ಒಣಕೆರೆಯಂಥ ಜಾಗಗಳಲ್ಲಿ ಕ್ಲಬ್ಬಿಗೆ ವಿಮಾನಯಾನ ನಿಯಂತ್ರಕ ಎಫ್‌ಎಎ ಕೊಟ್ಟ ಎತ್ತರದ ಮಿತಿಯೊಳಗೇ ಹಾರಿಸಬೇಕು.

ಅಂಟು ಹಚ್ಚುವ ಮೊದಲು ಫೈಬರ್‌ಗ್ಲಾಸ್ ಭಾಗಗಳನ್ನು ಸೋಪುನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಬಳಸಿದ ಮೇಣ ಮೇಲೆ ಉಳಿದಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ. ಆಮೇಲೆ ಅಂಟುವ ಜಾಗವನ್ನಷ್ಟೇ 80 ನಂಬರಿನ ಉಜ್ಜುಕಾಗದದಿಂದ ಒರಟು ಮಾಡಿ ಆಲ್ಕೋಹಾಲ್‌ನಿಂದ ಒರೆಸಬೇಕು. ಉಜ್ಜುವಾಗ ಎನ್95 ಮಾಸ್ಕ್ ಕಡ್ಡಾಯ. ಒದ್ದೆ ಮಾಡಿ ಉಜ್ಜಿದರೆ ದೂಳು ಏಳುವುದೂ ಕಡಿಮೆ. ಐದು ನಿಮಿಷದ ಎಪಾಕ್ಸಿಯನ್ನು ಭಾಗಗಳನ್ನು ತಾತ್ಕಾಲಿಕವಾಗಿ ಹಿಡಿದಿಡಲು ಮಾತ್ರ ಬಳಸುತ್ತೇನೆ.

ಒಂದು ಹಂತದ ರಾಕೆಟ್ ಕಟ್ಟಿ ರೂಢಿಯಾದವರಿಗೆ ಹೊಸದೆನಿಸುವುದು ವೈರಿನ ದಾರಿ. ಎಲೆಕ್ಟ್ರಾನಿಕ್ಸ್ ಮೇಲ್ಹಂತದ ಮೋಟಾರಿಗಿಂತ ಮೇಲಿರುತ್ತದೆ, ಮೋಟಾರ್ ಹೊತ್ತಿಸುವ ಇಗ್ನೈಟರ್ ಹೋಗಬೇಕಾದದ್ದು ಅದರ ಕೆಳಗಿನ ನಾಜಲ್ (ಬಿಸಿ ಅನಿಲ ಹೊರಬರುವ ಬಾಯಿ) ಮೂಲಕ. ಆದ್ದರಿಂದ ಮೋಟಾರ್ ಕೊಳವೆಗೂ ಹೊರಕೊಳವೆಗೂ ನಡುವಿನ ಸಂದಿಯಲ್ಲಿ, ಮೋಟಾರ್ ಕೊಳವೆಯನ್ನು ನಡುವೆ ಹಿಡಿದಿಡುವ ಸೆಂಟರಿಂಗ್ ರಿಂಗ್‌ಗಳಿಗೆ ತೂತು ಹಾಕಿ, 5 ಮಿ.ಮೀ.ನ ಸಣ್ಣ ಕೊಳವೆ ಕೂರಿಸಬೇಕು. ರಿಂಗ್‌ಗಳು ಅಂಟಿದ ಮೇಲೆ ಈ ಕೆಲಸಕ್ಕೆ ಕೈ ಹೋಗುವುದಿಲ್ಲ. ವೈರ್ ಎಳೆದ ಮೇಲೆ ಕೊಳವೆಯ ಮೇಲ್ಬಾಯಿಯನ್ನು ಪುಟ್ಟಿಯಿಂದ ಮುಚ್ಚಿ. ಬಿಟ್ಟರೆ ಪ್ಯಾರಾಶೂಟ್ ಹೊರದಬ್ಬುವ ಮದ್ದಿನ ಅನಿಲ ಅಲ್ಲಿಂದ ಸೋರಿಹೋಗಿ, ಕೊಳವೆಗಳು ಬೇರ್ಪಡದೇ ಉಳಿಯಬಹುದು.

ಎರಡು ಹಂತಗಳನ್ನು ಜೋಡಿಸುವ ಕೊಳವೆ, ಅಂದರೆ ಕಪ್ಲರ್, ಪ್ರತಿ ಕಡೆಯೂ ಕನಿಷ್ಠ ಒಂದು ವ್ಯಾಸದಷ್ಟು, ಅಂದರೆ 3 ಇಂಚು, ಒಳಗೆ ಹೋಗಬೇಕು. ಅದು ಅಲುಗಾಡಿದರೆ ರಾಕೆಟ್ ನಡುವಿನಲ್ಲೇ ಬಾಗಿ ದಾರಿ ತಪ್ಪುತ್ತದೆ. ಬಿಗಿ ಹೆಚ್ಚಾದರೆ ಹಂತಗಳು ಬಿಡುವುದೇ ಇಲ್ಲ. ಕಪ್ಲರ್‌ನ ಕೆಳತುದಿಯನ್ನು ಕೆಳಹಂತಕ್ಕೆ ಮದ್ದಿನ ಒತ್ತಡಕ್ಕೆ ತುಂಡಾಗುವ ಎರಡು 2-56 ಅಳತೆಯ ನೈಲಾನ್ ಶಿಯರ್ ಪಿನ್‌ಗಳಿಂದ ಹಿಡಿಸಿ, ಆ ಹಂತದ ಪ್ಯಾರಾಶೂಟನ್ನು ಅದರ ಕೆಳಗೆ ಇಡುತ್ತೇನೆ. ಮೇಲ್ತುದಿಗೆ ಪಿನ್ ಇಲ್ಲ. ಕೆಳಮೋಟಾರ್ ಉರಿದು ಮುಗಿದ ಒಂದು ಸೆಕೆಂಡಿಗೆ ಸಣ್ಣ ಮದ್ದು ಆ ತುದಿಯನ್ನು ಮೇಲ್ಹಂತದಿಂದ ಬಿಡಿಸುತ್ತದೆ. ಹೀಗೆ ಮಾಡಿದರೆ ಪ್ಯಾರಾಶೂಟ್ ಆ ವೇಗದಲ್ಲಿ ಬಿಚ್ಚಿಕೊಂಡು ಹರಿಯದು, ಕೆಳಹಂತ ತನ್ನ ತುತ್ತತುದಿ ತಲುಪಿದಾಗಲೇ ತೆರೆಯುತ್ತದೆ.

ಮದ್ದಿನ ಲೆಕ್ಕಕ್ಕೆ ನಾನು ಬಳಸುವ ಸೂತ್ರ: ವ್ಯಾಸದ ವರ್ಗ × ಉದ್ದ × 0.006, ಅಳತೆ ಇಂಚಿನಲ್ಲಿ, ಉತ್ತರ ಗ್ರಾಂನಲ್ಲಿ. ಇದು ಸುಮಾರು 15 ಪಿಎಸ್‌ಐ ಒತ್ತಡ ಕೊಡುತ್ತದೆ. 12 ಇಂಚಿನ ಭಾಗಕ್ಕೆ 9 × 12 × 0.006, ಅಂದರೆ 0.65 ಗ್ರಾಂ 4ಎಫ್ (ನುಣುಪು ಕಾಳಿನ) ಕರಿಮದ್ದು. ಇದು ಆರಂಭದ ಅಂದಾಜು ಮಾತ್ರ. ಪ್ಯಾರಾಶೂಟ್ ಮಡಿಚಿಟ್ಟು, ಪಿನ್ ಹಾಕಿ, ದೂರದಿಂದ ಹೊತ್ತಿಸಿ ನೆಲದ ಮೇಲೆ ಪರೀಕ್ಷೆ ಮಾಡದೆ ಹಾರಿಸಬೇಡಿ.

ಹಾರಾಟವನ್ನು ಮೊದಲೇ ಲೆಕ್ಕಹಾಕುವ ಓಪನ್‌ರಾಕೆಟ್ ತಂತ್ರಾಂಶದಲ್ಲಿ ಸ್ಥಿರತೆಯನ್ನು ಎರಡು ಸಲ ನೋಡಬೇಕು: ಇಡೀ ರಾಕೆಟ್‌ಗೆ ಒಮ್ಮೆ, ತುಂಬಿದ ಮೋಟಾರಿನ ಮೇಲ್ಹಂತಕ್ಕೆ ಒಮ್ಮೆ. ಎರಡರಲ್ಲೂ ಗುರುತ್ವ ಕೇಂದ್ರವು ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲ ಒಟ್ಟಾಗಿ ಬೀಳುವ ಬಿಂದು) ಒಂದೂವರೆ ವ್ಯಾಸದಷ್ಟು ಮುಂದಿರಬೇಕೆಂಬುದು ನನ್ನ ಮಿತಿ. ಕಿಟ್‌ನ ತೂಕ ನಂಬದೆ, ಕಟ್ಟಿ ಮುಗಿದದ್ದನ್ನು ತೂಗಿ ಆ ಅಂಕಿ ಹಾಕಿ. ನನ್ನದು ಮೋಟಾರ್ ಸಮೇತ 4.7 ಕೆ.ಜಿ.; ರೂಢಿಯಲ್ಲಿರುವಂತೆ ತೂಕದ ಐದು ಪಟ್ಟು ನೂಕುಬಲವೆಂದರೆ 230 ನ್ಯೂಟನ್. ನಾನು ಇದಕ್ಕಿಂತ ತುಂಬ ಜೋರಾದ, ಸರಾಸರಿ 700 ನ್ಯೂಟನ್ ಮೀರಿದ ಮೋಟಾರ್ ಆರಿಸುತ್ತೇನೆ. ರಾಕೆಟ್ ತಾನು ಜಾರಿ ಏರುವ ಉಡಾವಣಾ ಕಂಬಿಯನ್ನು (ರೈಲು) ಬಿಡುವಾಗ ವೇಗ ಹೆಚ್ಚಿದ್ದಷ್ಟೂ ಗಾಳಿಗೆ ವಾಲುವುದು ಕಡಿಮೆ.

ಮೇಲ್ಹಂತದಲ್ಲಿ ಆಲ್ಟಸ್ ಮೆಟ್ರಮ್ ಕಂಪನಿಯ ಟೆಲಿಮೆಗಾ ಎಂಬ ಆಲ್ಟಿಮೀಟರ್ (ಎತ್ತರ ಅಳೆದು ಮದ್ದು, ಮೋಟಾರ್ ಹೊತ್ತಿಸುವ ಸಾಧನ) ಇದೆ. ಇದರಲ್ಲಿ ಗೈರೋ ಇರುವುದರಿಂದ ರಾಕೆಟ್ ಎಷ್ಟು ವಾಲಿದೆಯೆಂದು ಗೊತ್ತಾಗುತ್ತದೆ. ಮೇಲಿನ ಮೋಟಾರ್ ಹೊತ್ತಲು ನಾನಿಟ್ಟ ಷರತ್ತುಗಳು: ಕೆಳಮೋಟಾರ್ ಮುಗಿದು ಎರಡೂವರೆ ಸೆಕೆಂಡ್ ಆಗಿರಬೇಕು, ಎತ್ತರ ಸಿಮ್ಯುಲೇಶನ್ ಹೇಳಿದ್ದರ ಮುಕ್ಕಾಲು ಪಾಲಾದರೂ ಇರಬೇಕು, ವಾಲಿಕೆ 20 ಡಿಗ್ರಿಯೊಳಗಿರಬೇಕು. ಒಂದು ತಪ್ಪಿದರೂ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ, ಪ್ಯಾರಾಶೂಟ್ ಮಾತ್ರ ಮಾಮೂಲಿನಂತೆ ಬಿಚ್ಚಬೇಕು. ಅದಕ್ಕೇ ಪ್ಯಾರಾಶೂಟ್ ಕೆಲಸವನ್ನು ಆಲ್ಟಿಮೀಟರಿಗೆ ಬಿಟ್ಟು, ಮೇಲಿನ ಮೋಟಾರಿನೊಳಗೇ ಇರುವ ಎಜೆಕ್ಷನ್ (ಪ್ಯಾರಾಶೂಟ್ ಹೊರದಬ್ಬುವ) ಮದ್ದನ್ನು ತೆಗೆದುಬಿಡುತ್ತೇನೆ. ತಡವಾಗಿ ಹೊತ್ತಿದ ಮೋಟಾರಿನ ಡಿಲೇ, ಅಂದರೆ ಉರಿದ ಮೇಲೆ ಆ ಮದ್ದು ಸಿಡಿಯುವವರೆಗಿನ ಅಂತರ, ಲೆಕ್ಕಕ್ಕೆ ಬರುವುದಿಲ್ಲ. ಪ್ಯಾರಾಶೂಟಿಗೆ ಬೇರೆ ಬ್ಯಾಟರಿಯ ಇನ್ನೊಂದು ಆಲ್ಟಿಮೀಟರ್ ಜೊತೆಗಿರುತ್ತದೆ.

ಮೇಲಿನ ಮೋಟಾರಿನ ಇಗ್ನೈಟರ್ ಕಡಿಮೆ ಕರೆಂಟಿಗೆ ಹೊತ್ತುವ ಇ-ಮ್ಯಾಚ್ (ವಿದ್ಯುತ್ ಕಿಡಿಕಡ್ಡಿ) ಆಗಿರಬೇಕು, ತುದಿಗೆ ಇಂಧನ ಹೊತ್ತಿಸುವಷ್ಟು ಜೋರಾಗಿ ಉರಿಯುವ ಲೇಪ, ಪೈರೋಜನ್, ಸಾಕಷ್ಟು ಬೇಕು. ಅದು ಇಂಧನದ ಮೇಲ್ತುದಿ ಮುಟ್ಟುವಂತೆ ಇಟ್ಟು ವೈರನ್ನು ನಾಜಲ್ ಹತ್ತಿರ ಟೇಪಿನಿಂದ ಬಿಗಿಯಬೇಕು. ಸಡಿಲವಿದ್ದರೆ ಕೆಳಹಂತದ ವೇಗೋತ್ಕರ್ಷಕ್ಕೇ ಜಾರಿ ಕೆಳಗಿಳಿಯುತ್ತದೆ. ಹೊತ್ತದ ಮೇಲ್ಹಂತಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಉಡಾವಣೆಯ ಪ್ಯಾಡಿನಲ್ಲಿ ಎಲ್ಲ ಸ್ವಿಚ್ಚುಗಳೂ ಆಫ್ ಇರುವಾಗ ರಾಕೆಟನ್ನು ರೈಲಿಗೇರಿಸಿ ನೆಟ್ಟಗೆ ನಿಲ್ಲಿಸಬೇಕು. ಆಮೇಲೆ ಈ ಕ್ರಮದಲ್ಲಿ ಆನ್ ಮಾಡಬೇಕು: ಮೇಲಿನ ಎರಡು ಆಲ್ಟಿಮೀಟರ್, ಕಪ್ಲರ್‌ ಒಳಗಿನ ಆಲ್ಟಿಮೀಟರ್, ವೈರ್ ಜೋಡಣೆ ಸರಿಯಿದೆಯೆಂದು ಹೇಳುವ ಪ್ರತಿಯೊಂದರ ಬೀಪ್ ಎಣಿಸಿದ ಮೇಲೆ ಮೇಲಿನ ಮೋಟಾರಿನ ಪ್ರತ್ಯೇಕ ಸ್ವಿಚ್, ಎಲ್ಲಕ್ಕಿಂತ ಕೊನೆಗೆ ಕೆಳಮೋಟಾರಿನ ಇಗ್ನೈಟರ್. ಒಟ್ಟು ಕೆ ವರ್ಗದ ಬಹುಹಂತದ ರಾಕೆಟ್‌ಗೆ ಎನ್‌ಎಆರ್ ನಿಯಮದ ಪ್ರಕಾರ ಜನ 300 ಅಡಿ ದೂರವಿರಬೇಕು.

ಮೇಲಿನ ಮೋಟಾರ್ ಹೊತ್ತದೆ ಇಳಿದರೆ, ನೆಲದ ಮೇಲಿರುವುದು ಜೀವಂತ ಮೋಟಾರ್. ನಾಜಲ್ ಮತ್ತು ಮೂತಿ ಎರಡರ ದಾರಿಯಿಂದಲೂ ಪಕ್ಕಕ್ಕೆ ನಿಂತು ಮೊದಲು ಮೋಟಾರಿನ ಸ್ವಿಚ್, ಆಮೇಲೆ ಉಳಿದವನ್ನು ಆಫ್ ಮಾಡಿ, ಇಗ್ನೈಟರ್ ಹೊರಗೆಳೆದು ಅದರ ಎರಡೂ ವೈರ್ ತುದಿಗಳನ್ನು ಹೆಣೆದ ಮೇಲೆಯೇ ರಾಕೆಟನ್ನು ಎತ್ತಿಕೊಳ್ಳಬೇಕು.