ಇಂಗ್ಲಿಷ್ ಓದು ಕಲಿಸಲು ಕನ್ನಡದ ಕಾಗುಣಿತ

ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ 2000ದಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗುತ್ತದೆ. ಆದರೂ ಮುಂಬಯಿಯ ನಮ್ಮ ಕನ್ನಡ ಮನೆಗಳ ಮಕ್ಕಳು ಮೂರನೇ ತರಗತಿಯಲ್ಲಿ ಇಡೀ ಪಾಠವನ್ನು ಗಡಗಡನೆ ಒಪ್ಪಿಸಿ, ಅದೇ ಪಾಠದ ಒಂದು ಪದವನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟರೆ ಓದಲಾಗದೆ ತಾಯಿಯ ಮುಖ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತಪ್ಪು ಮಗುವಿನದಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೂ ಉಚ್ಚಾರವೂ ಒಂದೇ ಆಗಿರುವುದರಿಂದ, ಇಂಗ್ಲಿಷಿನಲ್ಲಿ ಅವೆರಡೂ ಬೇರೆ ಎಂಬುದು ಕಲಿಸುವ ನಮಗೇ ಹೊಳೆಯುವುದಿಲ್ಲ. ಅಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡುತ್ತವೆ.

ಬೇಕಾದದ್ದು ನಾಲ್ಕು ಗೆರೆಯ ಒಂದು ನೋಟುಪುಸ್ತಕ ಮತ್ತು ರಟ್ಟಿನ ಚೀಟಿಗಳು ಮಾತ್ರ. ಲೋಕಲ್ ರೈಲಿನಲ್ಲಿ ಮಾರಲು ಬರುವ ಬಣ್ಣದ ಚಾರ್ಟುಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಐ ಅಕ್ಷರಕ್ಕೆ ಐಸ್‌ಕ್ರೀಮ್, ಓ ಅಕ್ಷರಕ್ಕೆ ಔಲ್ ಎಂದಿರುವುದೇ ಹೆಚ್ಚು. ಮಗು ಮೊದಲು ಕಲಿಯಬೇಕಾದ ಹ್ರಸ್ವ ಧ್ವನಿ ಅವೆರಡರಲ್ಲೂ ಕೇಳಿಸುವುದಿಲ್ಲ.

ಮೊದಲ ಹೆಜ್ಜೆಯಾಗಿ ಎಸ್, ಟಿ, ಪಿ, ಎನ್, ಐ ಈ ಐದು ಅಕ್ಷರಗಳನ್ನು ಸಣ್ಣ ರೂಪದಲ್ಲಿ ಚೀಟಿಗಳ ಮೇಲೆ ಬರೆದು ಸ್, ಟ್, ಪ್, ನ್, ಇ ಎಂದು ಹೇಳಿಸಿ. ಮೂರು ದಿನ ಸಾಕು.

ಎರಡನೆಯ ಹೆಜ್ಜೆ ಧ್ವನಿಗಳನ್ನು ಕೂಡಿಸುವುದು, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಕಲಿಸುವವರು ಪ್ ಎನ್ನುವ ಬದಲು 'ಪ' ಎಂದೂ ನ್ ಎನ್ನುವ ಬದಲು 'ನ' ಎಂದೂ ಹೇಳುತ್ತಾರೆ. ಮಗು ಅದನ್ನು ನಂಬಿ 'ಪ-ಇ-ನ' ಎಂದು ಜೋಡಿಸುತ್ತದೆ, 'ಪಿನ್' ಎಂಬುದು ಅದಕ್ಕೆ ಸಿಗುವುದೇ ಇಲ್ಲ. ಇದಕ್ಕೆ ಮದ್ದು ನಮ್ಮ ಕಾಗುಣಿತದಲ್ಲಿದೆ. ಪ್ ಮತ್ತು ಇ ಕೂಡಿದರೆ ಪಿ ಆಗುತ್ತದೆಂದು ಕನ್ನಡ ಬಲ್ಲ ಮಗುವಿಗೆ ಆಗಲೇ ಗೊತ್ತು. ಎರಡು ಚೀಟಿಗಳನ್ನು ಅಂತರವಿಟ್ಟು ಇರಿಸಿ, ಎರಡನೆಯದನ್ನು ಬೆರಳಿನಿಂದ ಮೊದಲನೆಯದರ ಪಕ್ಕಕ್ಕೆ ಸರಿಸುತ್ತಾ 'ಪಿ' ಎಂದು ಓದಿಸಿ. ಅದು ಗಟ್ಟಿಯಾದ ಮೇಲೆಯೇ ನ್ ಚೀಟಿಯನ್ನು ತನ್ನಿ. ಕೊನೆಯ ವ್ಯಂಜನದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಆಡುಮಾತು ಬಸ್ಸನ್ನು ಬಸ್ಸು, ಪೆನ್ನನ್ನು ಪೆನ್ನು ಮಾಡಿಕೊಂಡಿರುವುದರಿಂದ ಮಗು 'ಪಿನ್ನು' ಎಂದೇ ನಿಲ್ಲಿಸುತ್ತದೆ. ಆಗ 'ಟಿಪ್' ಎಂಬ ಪದ ಕೊಟ್ಟು, ಕೊನೆಯಲ್ಲಿ ತುಟಿ ಮುಚ್ಚಿ ಹಾಗೆಯೇ ಇಟ್ಟುಕೊಳ್ಳಲು ಹೇಳಿ. ತುಟಿ ಮತ್ತೆ ತೆರೆಯದಿದ್ದರೆ ಉಕಾರ ಹೊರಬರುವುದಿಲ್ಲ. ಕನ್ನಡಿಯ ಮುಂದೆ ಕೂರಿಸಿದರೆ ಮಗು ತಾನೇ ನೋಡಿ ತಿದ್ದಿಕೊಳ್ಳುತ್ತದೆ. ಇನ್, ಇಟ್, ಸಿಟ್, ಟಿನ್, ನಿಪ್, ಸ್ಪಿನ್ ಎಂದು ಈ ಐದೇ ಅಕ್ಷರಗಳಲ್ಲಿ ಎರಡು ವಾರ ಕಳೆಯಿರಿ. ಆತುರಪಟ್ಟು ಆರನೆಯ ಅಕ್ಷರಕ್ಕೆ ಹೋಗಬೇಡಿ.

ಅನಂತರ ಎ ಕಾರದ ಪೆನ್, ನೆಟ್, ಟೆನ್. ಮರಾಠಿಯ ವರ್ಣಮಾಲೆಯಲ್ಲಿ ಹ್ರಸ್ವ ಎ ಕಾರಕ್ಕೆ ಬೇರೆ ಅಕ್ಷರವಿಲ್ಲ. ನಮ್ಮಲ್ಲಿ ಎ ಮತ್ತು ಏ ಎರಡೂ ಇರುವುದರಿಂದ 'ಪೆನ್' ಮತ್ತು 'ಪೇನ್' ಬೇರೆ ಬೇರೆಯೆಂದು ನಮ್ಮ ಮಕ್ಕಳ ಕಿವಿಗೆ ಸುಲಭವಾಗಿ ತಿಳಿಯುತ್ತದೆ. ಕಾಗುಣಿತದಲ್ಲಿ ಸ್ವಂತ ಚಿಹ್ನೆಯಿಲ್ಲದ 'ಆ್ಯ' ಧ್ವನಿಯ ಟ್ಯಾಪ್, ಪ್ಯಾನ್ ಮುಂತಾದವನ್ನು ಕೊನೆಗೆ ಇಟ್ಟುಕೊಳ್ಳಿ. ರೈಲು ನಿಲ್ದಾಣದ ಫಲಕಗಳನ್ನು ಈ ಹಂತದಲ್ಲಿ ಓದಿಸಬಾರದು, ಏಕೆಂದರೆ ಸಾಯನ್ ಎಂಬ ಹೆಸರಿನಲ್ಲಿ ಐ ಅಕ್ಷರ ಇಕಾರವಾಗಿ ಉಳಿಯುವುದಿಲ್ಲ.

ಇಂಗ್ಲಿಷ್ ಪದದ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದುಕೊಡುವ ಅಡ್ಡದಾರಿಯನ್ನು ಮಾತ್ರ ಯಾರೂ ಹಿಡಿಯಬಾರದು. ಮಗುವಿನ ಕಣ್ಣು ಕನ್ನಡದ ಸಾಲಿನ ಮೇಲೆಯೇ ಓಡಿ, ಮೇಲಿನ ಸಾಲು ಚಿತ್ರವಾಗಿ ಉಳಿಯುತ್ತದೆ.

ಕಥೆ ಓದಿಸಲು ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ ನನಗೆ ಮೆಚ್ಚುಗೆಯಾಗಿದೆ. ಅಲ್ಲಿ ಕಥೆಗಳು ಉಚಿತವಾಗಿ, ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿ ಸಿಗುತ್ತವೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಮೊದಲು ಕನ್ನಡದ ಕಥೆಯನ್ನು ಮಗುವೇ ಓದಲಿ. ಬಳಿಕ ಇಂಗ್ಲಿಷ್ ಕಥೆಯನ್ನು ನೀವು ಬೆರಳಿಟ್ಟು ಓದಿ, ಮಗುವಿಗೆ ಕೂಡಿಸಲು ಬರುವ ಪದ ಬಂದಾಗ ನಿಲ್ಲಿಸಿ ಅದಕ್ಕೆ ಬಿಡಿ. ಮುದ್ರಿತ ಪುಸ್ತಕವೇ ಬೇಕೆನ್ನುವವರು ಮಾಟುಂಗಾದ ಕಿಂಗ್ಸ್ ಸರ್ಕಲ್ ಕಾಲುದಾರಿಯ ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಬಹುದು. ಪುಟಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಇರುವುದನ್ನು ಈಗಲೇ ಆರಿಸಬೇಡಿ.

ಬರವಣಿಗೆಗೆ ಪ್ರತಿದಿನ ಐದು ಪದಗಳ ಉಕ್ತಲೇಖನ ಸಾಕು. ಪದ ಹೇಳಿದ ಮೇಲೆ ಮಗು ಧ್ವನಿಗಳನ್ನು ಬೆರಳಲ್ಲಿ ಎಣಿಸಿ, ಎಣಿಸಿದಷ್ಟೇ ಅಕ್ಷರ ಬರೆಯಲಿ. ತಪ್ಪಿದರೆ ಕೆಂಪು ಗೆರೆ ಎಳೆಯದೆ ಚೀಟಿಗಳನ್ನು ಮತ್ತೆ ಮುಂದಿಡಿ.